ಜಡ್ಡಿಪತ್ರೆಯ ಶೇಷ

ಒಂದು ಜೀವಜಾತಿ ಭೂಮಿಯ ಮೇಲೆ ಇನ್ನೆಷ್ಟು ತಲೆಮಾರು ಬದುಕಬಲ್ಲದು ಎಂದು ಹೇಳುವ ಯಂತ್ರ ಬಂದು ಆಗಲೇ ಆರು ವರ್ಷವಾಗಿತ್ತು. ಅದರ ಹೆಸರು ಶೇಷಮಾಪಕ. ನೋಡಲು ಅಡುಗೆಮನೆಯ ಮಿಕ್ಸರಿಗಿಂತ ದೊಡ್ಡದೇನಲ್ಲ. ಒಂದು ಕಾಡಿನಲ್ಲಿರುವ ಒಂದು ಜಾತಿಯ ಎಲ್ಲ ಮರಗಳಿಂದ ಒಂದೊಂದು ಎಲೆ ತಂದು, ಒಣಗಿಸಿ, ಹುಡಿ ಮಾಡಿ ಅದರ ಬಾಯಿಗೆ ಹಾಕಿದರೆ ಪ್ರತಿ ಮರದ ವಂಶವಾಹಿಯನ್ನೂ ಓದುತ್ತಿತ್ತು. ಯಾವುದು ಯಾವುದರ ಮರಿ, ಯಾವುದಕ್ಕೆ ಯಾವುದು ದಾಯಾದಿ, ಇಡೀ ಗುಂಪಿನಲ್ಲಿ ಎಷ್ಟು ವೈವಿಧ್ಯ ಉಳಿದಿದೆ, ಎಷ್ಟು ಕಳೆದುಹೋಗಿದೆ ಎಂದು ಲೆಕ್ಕ ಹಾಕುತ್ತಿತ್ತು. ಆಮೇಲೆ ಮುಂದಿನ ತಲೆಮಾರುಗಳನ್ನು ತನ್ನೊಳಗೇ ಲಕ್ಷ ಸಲ ಹುಟ್ಟಿಸಿ, ಲಕ್ಷ ಸಲ ಸಾಯಿಸಿ, ಪರದೆಯ ಮೇಲೆ ಒಂದೇ ಒಂದು ಅಂಕಿ ತೋರಿಸುತ್ತಿತ್ತು. ಆ ಅಂಕಿಯೇ ಶೇಷ.

ಅದನ್ನು ಕಟ್ಟಿದ ಐದು ಜನರಲ್ಲಿ ಡಾ. ಇಂದುಮತಿ ಬಿಜ್ಜರಗಿ ಒಬ್ಬಳು. ಯಾವ ಮರಕ್ಕೆ ಮೊದಲು ನೆರವು ಬೇಕು ಎಂದು ತಿಳಿಯಲಿ ಎಂಬುದಷ್ಟೇ ಅವರ ಉದ್ದೇಶವಾಗಿತ್ತು. ಆಸ್ಪತ್ರೆಯಲ್ಲಿ ಹೆಚ್ಚು ಜ್ವರ ಇದ್ದವರನ್ನು ಮೊದಲು ನೋಡುತ್ತಾರಲ್ಲ, ಹಾಗೆ. ಆದರೆ ಎರಡೇ ವರ್ಷದಲ್ಲಿ ನಿಯಮ ಬೇರೆಯಾಯಿತು. ಎಲ್ಲವನ್ನೂ ಉಳಿಸುವ ಶಕ್ತಿ ನಮಗಿಲ್ಲ, ಉಳಿಯುವಂಥದ್ದನ್ನು ಉಳಿಸೋಣ ಎಂದು ಮೇಲಿನವರು ತೀರ್ಮಾನಿಸಿದರು. ಶೇಷ ಏಳಕ್ಕಿಂತ ಕಡಿಮೆ ಬಂದ ಜಾತಿಗಳೆಲ್ಲ ಬಿಡುಗಡೆ ಪಟ್ಟಿಗೆ ಸೇರಿದವು. ಅವು ನಿಂತ ಕಾಡಿಗೆ ಕಾವಲಿಲ್ಲ, ಬೇಲಿಯಿಲ್ಲ. ಪತ್ರಿಕೆಗಳು ಸೋಮವಾರ ಸೋಮವಾರ ಹೊಸ ಅಂಕಿಗಳನ್ನು ಹವಾಮಾನದ ಪಕ್ಕದಲ್ಲಿ ಅಚ್ಚು ಹಾಕತೊಡಗಿದವು. ಪೀಠೋಪಕರಣದ ಅಂಗಡಿಗಳ ಮುಂದೆ 'ಬಿಡುಗಡೆ ಮರ ಸಿಗುತ್ತದೆ' ಎಂಬ ಬೋರ್ಡುಗಳು ಬಂದವು. ಹೇಗೂ ಹೋಗುವ ಮರ, ಕಡಿದರೇನು ಎಂದು ಜನ ಕಡಿದರು. ಕಡಿದ ಮೇಲೆ ಅಂಕಿ ಇನ್ನೂ ಇಳಿಯಿತು. ಯಂತ್ರ ಹೇಳಿದ್ದು ಸರಿಯೇ ಆಯಿತಲ್ಲ ಎಂದು ಎಲ್ಲರೂ ಒಪ್ಪಿಕೊಂಡರು.

ಇಂದುಮತಿ ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರವು ಘಟ್ಟದ ಕೆಳಗಿನ ಒಂದು ಸಣ್ಣ ಊರಿನಲ್ಲಿತ್ತು. ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ, ಇಳಿದು ಕಾಲ್ನಡಿಗೆಯಲ್ಲಿ ಎರಡು ಗಂಟೆ ಹೋದರೆ ಮಂಡಿಕಾನು ಎಂಬ ಕಣಿವೆ. ವರ್ಷವಿಡೀ ನೀರು ನಿಲ್ಲುವ ಜೌಗಿನ ಕಾಡು. ಆ ಸೀಮೆಯವರು ಜೌಗನ್ನು ಜಡ್ಡಿ ಎನ್ನುತ್ತಾರೆ. ರಾಮಪತ್ರೆಯ ಕುಲಕ್ಕೆ ಸೇರಿದ ಒಂದು ಮರ ಅಲ್ಲಿ ಮಾತ್ರ ಬೆಳೆಯುತ್ತಿತ್ತು. ಅದರ ಬೇರುಗಳು ಉಸಿರಾಡಲೆಂದು ಕೆಸರಿನಿಂದ ಮೇಲೆದ್ದು, ಮಡಚಿದ ಮಂಡಿಯಂತೆ ಮತ್ತೆ ಕೆಸರಿಗೆ ಇಳಿಯುತ್ತಿದ್ದವು. ಜನ ಅದನ್ನು ಜಡ್ಡಿಪತ್ರೆ ಎಂದು ಕರೆಯುತ್ತಿದ್ದರು. ಹೂಬಿಡುವ ಮರಗಳು ಭೂಮಿಯ ಮೇಲೆ ಹೊಸದಾಗಿ ಕಾಣಿಸಿಕೊಂಡ ಕಾಲದ ಗುಣಗಳು ಅದರಲ್ಲಿ ಇನ್ನೂ ಉಳಿದಿವೆ ಎಂದು ಇಂದುಮತಿ ಹದಿನೈದು ವರ್ಷ ಕೂತು ತೋರಿಸಿಕೊಟ್ಟಿದ್ದಳು.

ಆ ವರ್ಷದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಪರದೆಯ ಮೇಲೆ ಐದು ಎಂದು ಬಂತು.

ಅವಳು ಎರಡನೇ ಸಲ ಓಡಿಸಿದಳು. ಐದು. ಹೋದ ವರ್ಷ ಒಂಬತ್ತಿತ್ತು. ಕಾರಣ ಗೊತ್ತಿದ್ದದ್ದೇ. ಮಳೆಗಾಲದ ಗಾಳಿಗೆ ಮೂವತ್ತು ಹಳೆಯ ಮರಗಳು ಉರುಳಿದ್ದವು. ಹಣ್ಣು ನುಂಗಿ ಬೀಜವನ್ನು ದೂರ ಒಯ್ದು ಬಿಡುತ್ತಿದ್ದ ಮಂಗಟ್ಟೆ ಹಕ್ಕಿಗಳು ಕಣಿವೆಗೆ ಬರುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಹೊಸ ಸಸಿಗಳೆಲ್ಲ ನಾಲ್ಕೇ ಮರಗಳ ಬುಡದಲ್ಲಿ ಹುಟ್ಟಿದ ಒಡಹುಟ್ಟುಗಳು.

ಹೊರಗೆ ಬೆಂಚಿನ ಮೇಲೆ ಕುಸಲಿ ಗೌಡ ಕಾಯುತ್ತಿದ್ದಳು. ಮಂಡಿಕಾನಿನ ಅಂಚಿನ ಹದಿನಾಲ್ಕು ಮನೆಗಳ ಕೇರಿಯವಳು, ಐವತ್ತೆರಡರ ಹೆಂಗಸು. ಮರ ಹತ್ತಿ ಎಲೆ ಕೊಯ್ದು, ಗುರುತು ಬರೆದ ಪೊಟ್ಟಣಗಳಲ್ಲಿ ಹಾಕಿ ಕೇಂದ್ರಕ್ಕೆ ತಂದುಕೊಡುವ ಕೆಲಸ ಅವಳದು. ಒಂದೊಂದು ಮರವನ್ನೂ ಅದರ ಓರೆಕೋರೆಯಿಂದಲೇ ಬಲ್ಲವಳು.

"ಎಷ್ಟು ಬಂತು ಅಕ್ಕೋರೆ?"

"ಐದು."

"ಐದು ತಲೆಮಾರು ಅಂದ್ರೆ ಆ ಮರಕ್ಕೆ ಎಷ್ಟು ವರ್ಸ?"

"ನೂರೈವತ್ತು."

"ನೂರೈವತ್ತು ವರ್ಸ ಬದ್ಕೂದನ್ನ ಸತ್ತೋಯ್ತು ಹೇಳಿ ಬರೀತ್ರಾ?"

"ನಾ ಬರಿಯಾಂಗಿಲ್ಲ ಕುಸಲವ್ವ. ನಿಯಮ ಐತಿ." ಇಂದುಮತಿ ವಿಜಯಪುರದ ಕಡೆಯವಳು. ಇಷ್ಟು ವರ್ಷ ಘಟ್ಟದ ಕೆಳಗಿದ್ದರೂ ಅವಳ ಮಾತು ಬದಲಾಗಿರಲಿಲ್ಲ.

"ಹೋದ ವರ್ಸದ್ದೇ ಬರ್ದ್ಬಿಡಿ. ಒಂಬತ್ತು. ಯಾರು ಬಂದು ಎಲೆ ಎಣಿಸ್ತ್ರು?"

ಇಂದುಮತಿ ತಲೆಯಾಡಿಸಿದಳು. "ಒಮ್ಮೆ ಸುಳ್ಳು ಬರದ್ರ ಮುಂದ ನಾವು ಖರೇ ಹೇಳಿದ್ದನ್ನೂ ಯಾರೂ ನಂಬಂಗಿಲ್ಲ. ಎಲ್ಲಾ ಮರದ ಅಂಕಿಗೂ ಅದ ಗತಿ."

ಮಂಡಿಕಾನಿನ ವಿಷಯದಲ್ಲಿ ಅವಸರವೂ ಇತ್ತು. ಕಣಿವೆಯನ್ನು ಮುಳುಗಿಸಿ, ಕೆಳಗೊಂದು ಮೇಲೊಂದು ಜಲಾಶಯ ಕಟ್ಟಿ, ನೀರನ್ನು ಗುಡ್ಡದ ಸುರಂಗದಲ್ಲಿ ಏರಿಸಿ ಇಳಿಸಿ ವಿದ್ಯುತ್ ತೆಗೆಯುವ ಯೋಜನೆಯೊಂದು ನಾಲ್ಕು ವರ್ಷದಿಂದ ಕಾದು ನಿಂತಿತ್ತು. ಅದನ್ನು ತಡೆದಿದ್ದದ್ದು ಜಡ್ಡಿಪತ್ರೆಯ ಒಂಬತ್ತು. ವರದಿ ಕಳಿಸಲು ಅವಳಿಗೆ ಏಪ್ರಿಲ್ ಕೊನೆಯವರೆಗೆ ಸಮಯವಿತ್ತು.

ಒಂದು ವಾರ ಬಿಟ್ಟು ಕುಸಲಿ ಮತ್ತೆ ಬಂದಳು. ಈ ಸಲ ಅವಳ ಕೈಯಲ್ಲಿ ಪೊಟ್ಟಣಗಳಿರಲಿಲ್ಲ.

"ನಾಳೆ ಬೆಳಿಗ್ಗೆ ಬನ್ನಿ. ಒಂದು ಜಾಗ ಅದೆ, ತೋರಿಸ್ತೆ" ಎಂದಳು.

ಕಣಿವೆಯ ತಲೆಯ ಕಡೆಗೆ, ಬಂಡೆಗಳ ಸಂದಿನಲ್ಲಿ ಬೆತ್ತದ ಮುಳ್ಳನ್ನು ಕತ್ತಿಯಿಂದ ಸವರಿಕೊಂಡು ಒಂದೂವರೆ ಗಂಟೆ ಹತ್ತಿದರು. ಅಲ್ಲೊಂದು ಕೊರಕಲು. ಗುಡ್ಡದ ಹೊಟ್ಟೆಯಿಂದ ಬರುವ ಒರತೆಯೊಂದು ಅಲ್ಲಿ ಹರಡಿಕೊಂಡು, ಮನೆಯಂಗಳದಷ್ಟು ಅಗಲದ ಜೌಗು ಮಾಡಿತ್ತು. ಅದರಲ್ಲಿ ಹನ್ನೊಂದು ಜಡ್ಡಿಪತ್ರೆ ಮರಗಳು ನಿಂತಿದ್ದವು. ತೊಗಟೆ ಕೆಳಗಿನವುಗಳಿಗಿಂತ ಕಪ್ಪು. ಎಲೆ ಕಿರಿದು.

ಇಂದುಮತಿ ಬಂಡೆಯ ಮೇಲೆ ಕುಳಿತುಬಿಟ್ಟಳು. "ಹದಿನೈದು ವರ್ಷದಾಗ ಒಂದು ಸಲಾನೂ ಹೇಳಲಿಲ್ಲಲ್ಲ ಕುಸಲವ್ವ."

"ನಾನು ತೋರ್ಸಿದ್ ಮರಕ್ಕೆಲ್ಲ ಮೊಳೆ ಹೊಡ್ದು ನಂಬರ್ ಹಾಕಿದ್ರು. ನಂಬರ್ ಬಿದ್ ಮೇಲೆ ಜನ ಬಂದ್ರು, ಫೋಟೋದವ್ರು ಬಂದ್ರು, ಮಸಾಲೆಗೆ ಪತ್ರೆ ಕೊಯ್ಯೋರು ಬಂದು ಕೊಂಬೆನೇ ಇಳ್ಸಿದ್ರು. ಇಷ್ಟಾದ್ರೂ ಇರ್ಲಿ ಹೇಳಿ ಸುಮ್ನಾದೆ." ಕುಸಲಿ ಒಂದು ಮಂಡಿಬೇರಿನ ಮೇಲೆ ಕೈಯಿಟ್ಟಳು. "ಈಗ ಹೇಳ್ದೆ ಇದ್ರೆ ಎಲ್ಲಾನೂ ಹೋಗ್ತದೆ ಅಲ್ದಾ? ಅದ್ಕೆ ಹೇಳ್ದೆ."

ಎಲೆ ಕೊಯ್ದು ಇಳಿಯುವಾಗ ಮಧ್ಯಾಹ್ನವಾಗಿತ್ತು. ಕುಸಲಿಯ ಮನೆಯಲ್ಲಿ ಗಂಜಿ, ಸುಟ್ಟ ಒಣಮೀನು. ಬಡಿಸಿದವಳು ಮಗಳು ಗಂಗೆ. ಏಳು ತಿಂಗಳ ಬಸುರಿ. ಅವಳ ಮೊದಲ ಮಗು ಬದುಕಿರಲಿಲ್ಲ. ನೋವು ಬಂದ ದಿನ ಅವಳನ್ನು ಕುರ್ಚಿಗೆ ಕಟ್ಟಿ, ಬಿದಿರ ಗಳಕ್ಕೆ ಹಾಕಿ, ನಾಲ್ವರು ಹೊತ್ತು ರಸ್ತೆಗೆ ಮುಟ್ಟಿಸುವಷ್ಟರಲ್ಲಿ ಹೊತ್ತು ಮೀರಿತ್ತು.

"ಹೊಸ ಮರ ಸಿಕ್ತಂತೆ ಅಲ್ದಾ ಅಕ್ಕೋರೆ" ಎಂದಳು ಗಂಗೆ. ಸಿಟ್ಟಿನ ದನಿಯಲ್ಲ. "ಇನ್ನು ಡ್ಯಾಮ್ ಬರೂದಿಲ್ಲ. ಡ್ಯಾಮ್ ಬರ್ದೆ ಇದ್ರೆ ನಮಗೆ ಅವ್ರು ಕೊಡ್ತೇವೆ ಹೇಳಿದ್ ರಸ್ತೆ ಬದಿ ಮನೆಯೂ ಇಲ್ಲ."

"ರಸ್ತೆಗೆ ಬ್ಯಾರೆ ಅರ್ಜಿ ಕೊಡೂಣು ಗಂಗಾ. ನಾನೂ ಬರದು ಕೊಡ್ತೀನಿ."

"ಅರ್ಜಿ ಕೊಟ್ಟು ಸಾಕಾಗಿದೆ. ಮರಕ್ಕೆ ಎಷ್ಟು ತಲೆಮಾರು ಉಳೀತು ನೋಡೂಕೆ ಯಂತ್ರ ಅದೆ. ನಮ್ಮನೇಲಿ ಎಷ್ಟು ಉಳೀತು ಯಾರು ನೋಡ್ತ್ರು?"

"ಗಂಗೆ, ಊಟ ಮಾಡೂರ ಮುಂದೆ ಎಂತ ಮಾತದು" ಎಂದು ಕುಸಲಿ ಗದರಿದಳು. ಗಂಗೆ ಇನ್ನೊಂದು ಸವಟು ಗಂಜಿ ಬಡಿಸಿ ಒಳಗೆ ಹೋದಳು.

ಪ್ರಯೋಗಾಲಯದಲ್ಲಿ ಮೂರು ದಿನದ ಓದು. ಕೊರಕಲಿನ ಹನ್ನೊಂದು ಮರಗಳು ಕೆಳಗಿನವುಗಳ ಸಂಬಂಧ ಕಡಿದುಕೊಂಡು ಮೂವತ್ತು ಸಾವಿರ ವರ್ಷಗಳ ಮೇಲಾಗಿತ್ತು. ಕೆಳಗೆ ಕಳೆದುಹೋದ ಎಷ್ಟೋ ಗುಣಗಳು ಮೇಲೆ ಹಾಗೇ ಉಳಿದಿದ್ದವು. ಬರ ತಡೆಯುವ ಗುಣ, ಬೂಷ್ಟು ತಡೆಯುವ ಗುಣ. ಎರಡು ಗುಂಪಿನ ಪರಾಗವನ್ನು ಕೈಯಿಂದ ಬೆರೆಸುತ್ತ ಹೋದರೆ ಜಾತಿ ಮತ್ತೆ ಹಿಗ್ಗಬಲ್ಲದು. ಯಂತ್ರ ಹೊಸ ಅಂಕಿ ಕೊಟ್ಟಿತು: ಮೂವತ್ತೆಂಟು. ಇಂದುಮತಿ ಪರದೆಯ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವತ್ತೇ ವರದಿ ಕಳಿಸಿದಳು. ನಿಯಮದಂತೆ ಪ್ರತಿ ಮರ ನಿಂತ ಜಾಗದ ಗುರುತೂ ಅದರ ಜೊತೆಗಿತ್ತು.

ಮೇ ತಿಂಗಳಲ್ಲಿ ಬಿಡುಗಡೆ ಪಟ್ಟಿಯನ್ನು ತೀರ್ಮಾನಿಸುವ ಸಮಿತಿ ಸೇರಿತು. ಇಂದುಮತಿಯನ್ನು ಪರದೆಯ ಮೂಲಕ ಕರೆದರು. ಅಧ್ಯಕ್ಷರು ಸೌಮ್ಯ ಮನುಷ್ಯ. ಮೊದಲು ಅಭಿನಂದಿಸಿದರು.

"ಡಾಕ್ಟರ್, ಒಂದು ಸಣ್ಣ ಪ್ರಶ್ನೆ. ಶೇಷ ಏಳಕ್ಕಿಂತ ಮೇಲೆ ಇರಬೇಕಾದರೆ ಕಡಿಮೆಯೆಂದರೆ ಯಾವ ಮರಗಳು ಬೇಕು ಎಂದು ಈ ಯಂತ್ರವನ್ನು ಕೇಳಬಹುದೇ?"

"ಕೇಳಬಹುದು."

"ನಾವು ಕೇಳಿದೆವು. ಮೇಲಿನ ಹನ್ನೊಂದೇ ಸಾಕು ಎಂದು ಬಂತು. ಅವಷ್ಟರದೇ ಶೇಷ ಎಂಟು."

ಇಂದುಮತಿಗೆ ತಕ್ಷಣ ಅರ್ಥವಾಗಲಿಲ್ಲ.

"ಆ ಕೊರಕಲು ಮುಳುಗಡೆಯ ಗೆರೆಗಿಂತ ಬಹಳ ಮೇಲಿದೆ. ಅದಕ್ಕೆ ಭದ್ರ ಬೇಲಿ ಹಾಕಿಸುತ್ತೇವೆ. ಕೆಳಗಿನ ಜಡ್ಡಿಯನ್ನು ಬಿಡುಗಡೆ ಮಾಡಬಹುದು. ಜಾತಿಯೂ ಉಳಿಯಿತು, ಯೋಜನೆಯೂ ಉಳಿಯಿತು. ನಿಮ್ಮ ಪ್ರಾಮಾಣಿಕ ವರದಿಯಿಂದಲೇ ಇದು ಸಾಧ್ಯವಾದದ್ದು."

ಅವಳು ಮಾತಾಡಿದಳು. ಮೂವತ್ತೆಂಟಕ್ಕೂ ಎಂಟಕ್ಕೂ ಇರುವ ಅಂತರ ಹೇಳಿದಳು. ಹನ್ನೊಂದು ಮರ ಒಂದು ಜಾತಿಯಲ್ಲ, ಒಂದು ಕುಟುಂಬ ಎಂದಳು. ಒಬ್ಬ ಸದಸ್ಯ ನಡುವೆ ಬಾಯಿ ಹಾಕಿ, "ಏಳರ ಗಡಿ ಹಾಕುವಾಗ ನಿಮ್ಮ ಸಹಿಯೂ ಇತ್ತಲ್ಲ ಮೇಡಂ" ಎಂದ. ಇತ್ತು. ಗಡಿಯೊಂದು ಬೇಕೇ ಬೇಕೆಂದು ಕೇಳಿದಾಗ, ಎಲ್ಲಿಯಾದರೂ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಎಂದು ಅವಳೂ ಸಹಿ ಮಾಡಿದ್ದಳು.

ಮಳೆಗಾಲ ಕಳೆದ ಮೇಲೆ ಮರ ಕಡಿಯುವವರು ಬಂದರು. ಹದಿನಾಲ್ಕು ಮನೆಗಳು ಹೆದ್ದಾರಿಯ ಬದಿಯ ಕಾಲೊನಿಗೆ ಹೋದವು. ಗಂಗೆಗೆ ಅದಕ್ಕೂ ಮೊದಲೇ, ಊರಿನ ಆಸ್ಪತ್ರೆಯ ಹತ್ತಿರ ಇಂದುಮತಿ ಗೊತ್ತು ಮಾಡಿಕೊಟ್ಟ ಬಾಡಿಗೆ ಕೋಣೆಯಲ್ಲಿದ್ದಾಗ, ಹೆರಿಗೆಯಾಗಿತ್ತು. ಹೆಣ್ಣು ಮಗು, ಮೂರು ಕಿಲೋ. ಇಂದುಮತಿ ನೋಡಲು ಹೋದಾಗ ಗಂಗೆ ಮಗುವನ್ನು ಅವಳ ಕೈಗೆ ಕೊಟ್ಟು, "ನಿಮ್ಮ ಹತ್ರ ಅವತ್ತು ಬಿರುಸಾಗಿ ಮಾತಾಡ್ದೆ. ಮನಸ್ಸಿಗೆ ಹಚ್ಕೋಬೇಡಿ" ಎಂದಳು. ಇಂದುಮತಿ ಆ ಬಿಸಿ ಮೈಯನ್ನು ಎದೆಗೊತ್ತಿಕೊಂಡು ನಿಂತಳು. ಈ ಮಗು ತಪ್ಪು ಎನ್ನಲು ಯಾರಿಂದಲೂ ಸಾಧ್ಯವಿರಲಿಲ್ಲ. ಆದರೂ ಎದೆ ಹಗುರಾಗಲಿಲ್ಲ.

ಕೊರಕಲಿಗೆ ಹೇಳಿದಂತೆ ಬೇಲಿ ಬಂತು. ಎಂಟಡಿ ಎತ್ತರದ ಬೇಲಿ, ಬೀಗ ಹಾಕಿದ ಗೇಟು, ಕಾವಲಿನವನಿಗೊಂದು ಗೂಡು. ಮರುವರ್ಷ ಗುಡ್ಡದೊಳಗೆ ಸುರಂಗ ಕೊರೆದರು. ಆ ಬೇಸಗೆಯಲ್ಲಿ ಒರತೆ ಸಣ್ಣಗಾಯಿತು. ಮುಂದಿನ ಬೇಸಗೆಯಲ್ಲಿ ನಿಂತೇ ಹೋಯಿತು. ಗುಡ್ಡದ ಹೊಟ್ಟೆಯ ನೀರೆಲ್ಲ ಸುರಂಗದ ಕಡೆಗೆ ತಿರುಗಿತ್ತು. ವಂಶವಾಹಿಯನ್ನು ಓದುವ ಯಂತ್ರ ಒರತೆಯನ್ನು ಓದಿರಲಿಲ್ಲ. ಓದಬೇಕೆಂದು ಅದನ್ನು ಕಟ್ಟಿದವರಿಗೂ ಹೊಳೆದಿರಲಿಲ್ಲ.

ಇಂದುಮತಿ ಹನ್ನೆರಡು ಪತ್ರ ಬರೆದಳು. ಕುಸಲಿ ಪತ್ರ ಬರೆಯಲಿಲ್ಲ. ಎರಡು ಕೊಡ ನೀರು ಹೊತ್ತು ಗುಡ್ಡ ಹತ್ತಿದಳು. ಕಾವಲಿನವನು ಗೇಟು ತೆಗೆಯಲಿಲ್ಲ. ಒಳಗೆ ಬಿಡಲು ಅವನಿಗೆ ಆದೇಶವಿರಲಿಲ್ಲ. ಅವಳು ತಂತಿಯ ಕಂಡಿಯಿಂದಲೇ ನೀರು ಚೆಲ್ಲಿ ಬಂದಳು. ಹಾಗೆ ಇಪ್ಪತ್ತು ದಿನ ಮಾಡಿದಳು. ಕೆಸರು ಒಡೆದು ಬಿರುಕು ಬಿಟ್ಟಿತು. ಮಂಡಿಬೇರುಗಳು ಗಾಳಿಯಲ್ಲಿ ಬಿಳಿಚಿಕೊಂಡು, ತೊಗಟೆ ಸುಲಿದು ನಿಂತವು. ಹನ್ನೊಂದು ಮರಗಳೂ ಒಣಗಿದವು.

ಅದೊಂದು ಸಂಜೆ ಕೇಂದ್ರದ ಮೆಟ್ಟಿಲ ಮೇಲೆ ಕೂತು ಇಂದುಮತಿ ಕೇಳಿದಳು. "ಒಂಬತ್ತು ಅಂತ ಬರೀಬೇಕಿತ್ತೇನ ಕುಸಲವ್ವ?"

"ಬರೀಬೇಕಿತ್ತು" ಎಂದಳು ಕುಸಲಿ. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ ಎಂದಲ್ಲ. ಅವತ್ತು ಆಡಲಿಲ್ಲ, ಅಷ್ಟೇ.

ಕಡಿಯುವವರು ಬರುವ ಮೊದಲು ಇಬ್ಬರೂ ಕೂಡಿ ಸಿಕ್ಕಷ್ಟು ಹಣ್ಣು ಆರಿಸಿದ್ದರು. ಕೆಳಗಿನವೂ, ಕೊರಕಲಿನವೂ. ಜಡ್ಡಿಪತ್ರೆಯ ಬೀಜವನ್ನು ಡಬ್ಬಿಯಲ್ಲಿ ತುಂಬಿ ಇಡಲು ಬರುವುದಿಲ್ಲ. ಒಣಗಿದರೆ ಸತ್ತಿತು, ತಂಪಿನಲ್ಲಿಟ್ಟರೂ ಸತ್ತಿತು. ಬಿದ್ದ ಹತ್ತು ದಿನದೊಳಗೆ ಕೆಸರಿಗೆ ಇಳಿಯಬೇಕು. ಕೇಂದ್ರದ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ಜಡ್ಡಿಯ ಮಣ್ಣು ತುಂಬಿ ಬಿತ್ತಿದರು. ಅರವತ್ತು ಮೊಳೆತವು. ಕರಾವಳಿಯ ಸೆಕೆಗೆ, ಕ್ಲೋರಿನ್ ನೀರಿಗೆ, ಬೇರುಹುಳಕ್ಕೆ ಒಂದೊಂದೇ ಹೋದವು. ಕೊಂಬೆ ನೆಟ್ಟರೆ ಬೇರು ಬಿಡಲಿಲ್ಲ. ರಾಮಪತ್ರೆಯ ಗಿಡಕ್ಕೆ ಕಸಿ ಕಟ್ಟಿದರೆ ಕೂಡಲಿಲ್ಲ. ನಾಲ್ಕನೇ ವರ್ಷಕ್ಕೆ ಉಳಿದದ್ದು ಮೂರು ಗಿಡ. ಎರಡು ಕೊರಕಲಿನವು, ಒಂದು ಕೆಳಗಿನದು.

ಮೂರು ಸಾಕು ಎಂದು ಇಂದುಮತಿ ಹೇಳಿಕೊಂಡಳು. ಸಾಲುವಂತಿರಲಿಲ್ಲ, ಆದರೂ ಹೇಳಿಕೊಂಡಳು. ಮೂವತ್ತು ಸಾವಿರ ವರ್ಷ ದೂರವಿದ್ದ ಎರಡು ವಂಶಗಳು ಒಂದೇ ತೊಟ್ಟಿಯಲ್ಲಿ ನಿಂತಿದ್ದವು. ಅವು ಕೂಡಿ ಒಂದು ಹಣ್ಣು ಕೊಟ್ಟರೆ ಆ ಹಣ್ಣಿನಿಂದ ಮತ್ತೆ ಶುರು ಮಾಡಬಹುದು. ಅದಕ್ಕೊಂದು ತೊಡಕಿತ್ತು. ಈ ಕುಲದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ವಂಶವಾಹಿಯಲ್ಲಿ ಅದರ ಗುರುತು ಎಲ್ಲಿದೆ ಎಂದು ಇಂದುಮತಿ ಹಳೆಯ ಓದುಗಳನ್ನೆಲ್ಲ ಕೆದಕಿ ಎರಡು ವರ್ಷ ಹುಡುಕಿದಳು. ಸಿಗಲಿಲ್ಲ. ಕಾಯಬೇಕಾಯಿತು.

ಬಿತ್ತಿದಂದಿನಿಂದ ಹದಿಮೂರು ವರ್ಷ ಕಾದರು. ಕೇಂದ್ರಕ್ಕೆ ಮೂವರು ನಿರ್ದೇಶಕರು ಬಂದು ಹೋದರು. ಶೇಷಮಾಪಕದ ಹೊಸ ಮಾದರಿ ಅಂಗೈಯಗಲಕ್ಕೆ ಇಳಿಯಿತು. ಬಿಡುಗಡೆ ಪಟ್ಟಿ ಎಷ್ಟು ಉದ್ದವಾಯಿತೆಂದರೆ ಪತ್ರಿಕೆಗಳು ಅಚ್ಚು ಹಾಕುವುದನ್ನು ಬಿಟ್ಟವು. ಕುಸಲಿ ಕಾಲೊನಿಯಿಂದ ವಾರಕ್ಕೆರಡು ಸಲ, ಬುಧವಾರ ಮತ್ತು ಶನಿವಾರ, ಬಸ್ಸಿನಲ್ಲಿ ಬಂದು ತೊಟ್ಟಿಯ ಕೆಸರು ಕದಡಿ, ಎಲೆ ಒರೆಸಿ ಹೋಗುತ್ತಿದ್ದಳು. ಮಂಡಿ ನೋವು ಬಂದಿತ್ತು. ಮರ ಹತ್ತುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಹತ್ತಲು ಅವಳ ಮರಗಳೂ ಇರಲಿಲ್ಲ.

ಕೆಳಗಿನ ಜಡ್ಡಿಯ ಮರ ಮೊದಲು ಹೂ ಬಿಟ್ಟಿತು. ಗಂಡು. ಅದೇ ಜನವರಿಯಲ್ಲಿ ಕೊರಕಲಿನ ಒಂದು ಮರ ಬಿಟ್ಟಿತು. ಅದೂ ಗಂಡು. ಮೂರನೆಯದು ಆ ವರ್ಷ ಬಿಡಲಿಲ್ಲ. ಇಂದುಮತಿಗೆ ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಗಂಡು ಹೂಗಳನ್ನು ಬೆಳ್ಳಿಯ ಬಟ್ಟಲಲ್ಲಿ ಎಂಬಂತೆ ಜೋಪಾನ ಮಾಡಿ, ಪರಾಗ ಕೆಡದಂತೆ ಇಡುವ ಬಗೆಯನ್ನು ಆ ವರ್ಷವೆಲ್ಲ ಕಲಿತಳು. ಹೆಣ್ಣು ಹೂ ಅರಳಿದ ದಿನ ಒಂದು ಗಂಟೆಯೂ ವ್ಯರ್ಥವಾಗಬಾರದು.

ಮರುವರ್ಷ ಜನವರಿಯ ಎರಡನೇ ವಾರ ಮೂರನೆಯದರ ಎಲೆಯ ಕಂಕುಳಲ್ಲಿ ಮೊಗ್ಗು ಕಂಡವು. ಇಂದುಮತಿ ಕಾಲೊನಿಗೆ ಫೋನು ಮಾಡಿದಳು. ಕುಸಲಿ ಮೊಮ್ಮಗಳ ಕೈ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಬಂದಳು. ಮೊಮ್ಮಗಳು ಈಗ ಅಜ್ಜಿಗಿಂತ ಎತ್ತರ. ಅಜ್ಜಿಯನ್ನು ಕೇಂದ್ರದ ಗೇಟಿಗೆ ಬಿಟ್ಟು ಶಾಲೆಗೆ ಹೋದಳು.

ಇಂದುಮತಿ ಭೂತಗನ್ನಡಿ ಹಿಡಿದು ತೊಟ್ಟಿಯ ಕಟ್ಟೆ ಹತ್ತಿದಳು. ಕುಸಲಿಗೆ ಗಾಜು ಬೇಕಿರಲಿಲ್ಲ. ಕೊಂಬೆ ಬಗ್ಗಿಸಿ, ಹೂಗೊಂಚಲನ್ನು ಬೆರಳ ಮೇಲೆ ಇಟ್ಟುಕೊಂಡು ನೋಡಿದಳು. ಹೆಣ್ಣಾದರೆ ಗೊಂಚಲಿಗೆ ಎರಡೋ ಮೂರೋ ದಪ್ಪ ಹೂ. ಇವು ಹತ್ತಾರು, ತೆಳ್ಳಗೆ, ಒತ್ತೊತ್ತಾಗಿ.

"ಇದೂ ಗಂಡೇ ಅಕ್ಕೋರೆ."

ಇಂದುಮತಿ ಕಟ್ಟೆಯಿಂದ ಇಳಿಯಲಿಲ್ಲ. ಒಂದು ಹೂವನ್ನು ಬಿಡಿಸಿ, ಸೀಳಿ, ತಾನೂ ನೋಡಿದಳು. ಇನ್ನೊಂದನ್ನು ಸೀಳಿದಳು. ಏಳನೆಯದನ್ನು ಸೀಳಲು ಹೋದಾಗ ಕುಸಲಿ ಅವಳ ಕೈ ಹಿಡಿದುಕೊಂಡಳು. "ಸಾಕು, ಬಿಡಿ."

ಬಿಸಿಲೇರಿದ ಹಾಗೆ ಮೂರೂ ಮರಗಳ ಹೂ ಬಿರಿದವು. ಹಿತವಾದ, ಸ್ವಲ್ಪ ಖಾರದ ವಾಸನೆ ಅಂಗಳ ತುಂಬಿತು. ಎಲ್ಲಿಂದಲೋ ಸಾಸಿವೆಯಷ್ಟು ಸಣ್ಣ ಕಂದು ಹುಳಗಳು ಬಂದು ಹೂವಿನೊಳಗೆ ನುಗ್ಗಿ, ಮೈಗೆಲ್ಲ ಪರಾಗ ಮೆತ್ತಿಕೊಂಡು ಹೊರಬಂದು, ಕಾಂಪೌಂಡು ದಾಟಿ ಹಾರಿಹೋದವು.

ಇಬ್ಬರೂ ಕಟ್ಟೆಯ ನೆರಳಿನಲ್ಲಿ ಕೂತಿದ್ದರು.

"ಈ ಮರ ಎಷ್ಟು ವರ್ಸ ಬದ್ಕ್ತವೆ?" ಎಂದು ಕುಸಲಿ ಕೇಳಿದಳು.

"ನೀರಿದ್ರ ಇನ್ನೂರು ವರ್ಷ."

"ಅಷ್ಟೂ ವರ್ಸ ಹೀಗೇ ಹೂ ಬಿಡ್ತವಾ?"

"ಬಿಡ್ತಾವು."

ಕುಸಲಿ ಎದ್ದು ಸೀರೆ ಕೊಡವಿಕೊಂಡಳು. ಹನ್ನೊಂದರ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ನಿಲ್ಲಲಿಲ್ಲ, ಗೇಟಿನ ಕಡೆ ನಡೆದಳು. ಬುಧವಾರ ಬರುತ್ತೇನೆಂದು ಆ ದಿನ ಹೇಳಲಿಲ್ಲ. ಬುಧವಾರ ಬರಲೂ ಇಲ್ಲ.